ಕೇರ್ ಉಪ್ಪಿಟ್ಟಿನಿಂದ ಕುರುಕಲು ಪೊಟ್ಟಣದವರೆಗೆ: ನಮ್ಮ ಮಕ್ಕಳ ಊಟದ ಐವತ್ತು ವರ್ಷ

ಶಾಲೆಯ ಇತಿಹಾಸ ಬರೆಯುವಾಗ ಕಟ್ಟಡ ಕಟ್ಟಿಸಿದವರು, ಜಾಗ ಕೊಟ್ಟ ದಾನಿಗಳು, ಮುಖ್ಯೋಪಾಧ್ಯಾಯರ ಪಟ್ಟಿ, ಎಸ್‌ಎಸ್‌ಎಲ್‌ಸಿ ಫಲಿತಾಂಶ, ಇವೆಲ್ಲ ಬರಲೇಬೇಕು. ಈ ಸಂಪುಟದಲ್ಲಿ ಅವನ್ನು ಬೇರೆಯವರು ಬರೆದಿದ್ದಾರೆ. ನಾನು ಹಾಜರಿ ಪುಸ್ತಕದಲ್ಲಿ ದಾಖಲಾಗದ ಒಂದು ಸಂಗತಿಯನ್ನು ಆರಿಸಿಕೊಂಡಿದ್ದೇನೆ. ಈ ಐವತ್ತು ವರ್ಷಗಳಲ್ಲಿ ನಮ್ಮ ಮಕ್ಕಳು ಏನು ತಿಂದರು, ಎಷ್ಟು ನಡೆದರು, ಅವರ ಮೈ ಹೇಗೆ ಬದಲಾಯಿತು ಎಂಬುದೇ ಆ ಸಂಗತಿ. ಇದೇ ಶಾಲೆಯಲ್ಲಿ ಓದಿ, ಮುಂದೆ ಹೊನ್ನಾಳಿ, ಚನ್ನಗಿರಿ, ಜಗಳೂರು ಕಡೆಯ ಸರ್ಕಾರಿ ಶಾಲೆಗಳಲ್ಲಿ ಪಾಠ ಮಾಡಿ ನಿವೃತ್ತನಾದವನು ನಾನು. ಹಸಿದು ಬೆಂಚಿನ ಮೇಲೆ ತಲೆಯಿಟ್ಟು ಮಲಗಿದ ಮಕ್ಕಳನ್ನೂ ಕಂಡಿದ್ದೇನೆ, ಹದಿಮೂರನೇ ವರ್ಷಕ್ಕೇ ಮಹಡಿ ಮೆಟ್ಟಿಲು ಹತ್ತಲು ಏದುಸಿರು ಬಿಡುವ ಮಕ್ಕಳನ್ನೂ ಕಂಡಿದ್ದೇನೆ. ಈ ಎರಡರ ನಡುವಿನ ದಾರಿ ನಮ್ಮ ಊರಿನ ಇತಿಹಾಸವೂ ಹೌದು.

ಮೊದಲು ವಿಳಾಸದ ಮಾತು. 1975ರಲ್ಲಿ ಶಾಲೆ ಶುರುವಾದಾಗ ನಾವು ಶಿವಮೊಗ್ಗ ಜಿಲ್ಲೆಯ ಹೊನ್ನಾಳಿ ತಾಲ್ಲೂಕಿನವರು. 1997ರ ಆಗಸ್ಟ್ 15ರಂದು, ಚನ್ನಗಿರಿ ತಾಲ್ಲೂಕು ಕಾರಿಗನೂರಿನವರೇ ಆದ ಜೆ.ಎಚ್. ಪಟೇಲರು ಮುಖ್ಯಮಂತ್ರಿಯಾಗಿದ್ದಾಗ, ದಾವಣಗೆರೆ ಜಿಲ್ಲೆಯಾಯಿತು. ಶಿವಮೊಗ್ಗದಿಂದ ಹೊನ್ನಾಳಿ, ಚನ್ನಗಿರಿಯೂ ಚಿತ್ರದುರ್ಗದಿಂದ ಜಗಳೂರೂ ಬಂದು ಸೇರಿದವು. 2018ರಲ್ಲಿ ನ್ಯಾಮತಿ ತಾಲ್ಲೂಕಾಯಿತು, ನಾವು ಅದಕ್ಕೆ ಸೇರಿದೆವು. ಶಾಲೆ ಇದ್ದಲ್ಲೇ ಇದೆ, ಲೆಟರ್‌ಹೆಡ್ ಮಾತ್ರ ಮೂರು ಸಲ ಅಚ್ಚಾಯಿತು. ಈ ನಾಲ್ಕು ತಾಲ್ಲೂಕುಗಳನ್ನು ಒಟ್ಟಿಗೆ ಹೇಳುವುದಕ್ಕೆ ಕಾರಣವಿದೆ. ನೀರು ಇರುವ ಚನ್ನಗಿರಿ, ಹೊಳೆ ಪಕ್ಕದ ಹೊನ್ನಾಳಿ, ಅರೆಮಲೆನಾಡಿನ ಅಂಚಿನ ನ್ಯಾಮತಿ, ಬರದ ಜಗಳೂರು, ಈ ನಾಲ್ಕೂ ಕಡೆ ಊಟ ಬೇರೆಬೇರೆಯಾಗಿತ್ತು. ಈಗ ಒಂದೇ ಆಗುತ್ತಿದೆ.

ಎಪ್ಪತ್ತರ ದಶಕದ ಮನೆಯೂಟ ನನ್ನ ವಯಸ್ಸಿನವರಿಗೆ ನೆನಪಿದೆ. ಬೆಳಿಗ್ಗೆ ರಾತ್ರಿಯ ತಂಗಳು ಅಥವಾ ಅಂಬಲಿ. ಮಧ್ಯಾಹ್ನಕ್ಕೆ ಜೋಳದ ರೊಟ್ಟಿ, ಸೊಪ್ಪಿನ ಪಲ್ಯ ಅಥವಾ ಹುರುಳಿಕಾಳು, ಶೇಂಗಾ ಇಲ್ಲವೇ ಗುರೆಳ್ಳಿನ ಚಟ್ನಿ. ರಾತ್ರಿಗೆ ಮುದ್ದೆ, ಸಾರು. ಅನ್ನ ಎಂಬುದು ಗದ್ದೆ ಇದ್ದವರ ಮನೆಯಲ್ಲಿ ದಿನವೂ, ಉಳಿದವರ ಮನೆಯಲ್ಲಿ ಹಬ್ಬಕ್ಕೆ. ಜಗಳೂರು ಕಡೆ ನವಣೆ, ಸಜ್ಜೆಯೂ ಇರುತ್ತಿದ್ದವು. ಇದನ್ನು ಕೇಳಿ ಈಗಿನವರು ಎಂಥ ಆರೋಗ್ಯದ ಊಟ ಎನ್ನುತ್ತಾರೆ. ನಿಜ, ಆದರೆ ಹೊಟ್ಟೆ ತುಂಬುವಷ್ಟು ಇದ್ದರೆ ಮಾತ್ರ. ಆಗಿನ ಬಹುಪಾಲು ಮನೆಗಳಲ್ಲಿ ಅದು ಸಾಕಾಗುವಷ್ಟು ಇರಲಿಲ್ಲ. ಬೇಸಿಗೆಯಲ್ಲಿ, ಹೊಸ ಬೆಳೆ ಬರುವ ಮುನ್ನ, ಹಗೇವು ಬರಿದಾದಾಗ ಮನೆಯ ಹೆಂಗಸರು ಕೊನೆಗೆ ಉಣ್ಣುತ್ತಿದ್ದರು, ಎಷ್ಟೋ ಸಲ ಉಣ್ಣುತ್ತಲೇ ಇರಲಿಲ್ಲ. ಹಳೆಯ ಕಾಲವನ್ನು ಹೊಗಳುವಾಗ ಇದನ್ನು ಬಿಟ್ಟು ಹೊಗಳಬಾರದು.

ಆ ಕಾಲದ ಪ್ರಾಥಮಿಕ ಶಾಲೆಗೆ ಹೋದವರು ಯಾರನ್ನೇ ಕೇಳಿ, ಮೊದಲು ಹೇಳುವುದು ಉಪ್ಪಿಟ್ಟನ್ನು. ಕೇರ್ ಎಂಬ ಅಮೆರಿಕದ ನೆರವು ಸಂಸ್ಥೆ ಅರವತ್ತರ ದಶಕದಿಂದ ಮೈಸೂರು ರಾಜ್ಯದ ಪ್ರಾಥಮಿಕ ಶಾಲೆಗಳಿಗೆ ಗೋಧಿ ರವೆ, ಮೆಕ್ಕೆಜೋಳ-ಸೋಯಾ-ಹಾಲಿನ ಪುಡಿ ಬೆರೆಸಿದ ಹಳದಿ ಹಿಟ್ಟು, ಡಬ್ಬಿ ಎಣ್ಣೆ ಕೊಡುತ್ತಿತ್ತು. ಅಮೆರಿಕ 1954ರಲ್ಲಿ ಮಾಡಿದ ಪಿಎಲ್-480 ಎಂಬ ಕಾಯಿದೆಯ ಅಡಿಯಲ್ಲಿ ಅಲ್ಲಿನ ಹೆಚ್ಚುವರಿ ಧಾನ್ಯ ಹಡಗಿನಲ್ಲಿ ಬಂದು, ಲಾರಿಯಲ್ಲಿ ಬಂದು, ಕಡೆಗೆ ಎತ್ತಿನ ಗಾಡಿಯಲ್ಲಿ ನಮ್ಮೂರ ಶಾಲೆಗೆ ಬರುತ್ತಿತ್ತು. ಮೂರು ಕಲ್ಲಿನ ಒಲೆ, ದೊಡ್ಡ ಬೋಗುಣಿ, ಸಾಲಿನಲ್ಲಿ ಮುತ್ತುಗದ ಎಲೆ ಹಿಡಿದು ನಿಂತ ಮಕ್ಕಳು. ಆ ಉಪ್ಪಿಟ್ಟಿಗೆ ಒಂದು ವಾಸನೆ ಇತ್ತು, ಈಗಲೂ ನೆನೆದರೆ ಮೂಗಿಗೆ ಬರುತ್ತದೆ. ಖಾಲಿ ಎಣ್ಣೆ ಡಬ್ಬಿಗಳು ಊರಿನ ಮನೆಗಳಲ್ಲಿ ಕಾಳು ಹಾಕಿಡಲು ಬಹಳ ವರ್ಷ ಉಳಿದವು. ಉಪ್ಪಿಟ್ಟಿಗಾಗಿಯೇ ಶಾಲೆಗೆ ಬಂದವರು ಅಕ್ಷರ ಕಲಿತು, ಅವರಲ್ಲೇ ಕೆಲವರು ನಮ್ಮ ಪ್ರೌಢಶಾಲೆಯ ಮೊದಲ ತಂಡಗಳಲ್ಲಿ ಓದಿದರು.

ಪ್ರೌಢಶಾಲೆಗೆ ಬಂದ ಮೇಲೆ ಆ ಉಪ್ಪಿಟ್ಟೂ ಇರಲಿಲ್ಲ. ಸುತ್ತಲಿನ ಹಳ್ಳಿ, ತಾಂಡಾಗಳಿಂದ ಮೂರು ನಾಲ್ಕು ಮೈಲಿ ನಡೆದು ಬರುವವರು ಬಟ್ಟೆಯಲ್ಲಿ ಕಟ್ಟಿ ತಂದ ರೊಟ್ಟಿಯನ್ನು ಬಾವಿಕಟ್ಟೆಯ ಹತ್ತಿರ ಕೂತು ತಿನ್ನುತ್ತಿದ್ದರು. ತರದಿದ್ದವರು ಮಧ್ಯಾಹ್ನದ ಬಿಡುವಿನಲ್ಲಿ ಮೈದಾನದ ಆ ತುದಿಗೆ ಹೋಗಿ ಆಡುತ್ತಿದ್ದರು, ತಿನ್ನುವವರ ಎದುರು ಇರಬಾರದೆಂದು. ನಮ್ಮ ಶಾಲೆ ಮೊದಲ ಮೂವತ್ತೆರಡು ವರ್ಷ ಮಧ್ಯಾಹ್ನದ ಊಟವಿಲ್ಲದೆ ನಡೆಯಿತು ಎಂಬುದನ್ನು ಈಗಿನ ವಿದ್ಯಾರ್ಥಿಗಳು ನಂಬುವುದಿಲ್ಲ.

ಇನ್ನು ಮೈಗೆ ಬೀಳುತ್ತಿದ್ದ ಕೆಲಸ. ಶಾಲೆಗೆ ಬರುವ ಮುನ್ನ ಬಾವಿಯಿಂದ ನೀರು ಸೇದಿ ಹೊರಬೇಕು, ಸಗಣಿ ಬಾಚಬೇಕು, ಸಂಜೆ ದನ ಹೊಡೆದುಕೊಂಡು ಬರಬೇಕು. ರಜೆಯಲ್ಲಿ ಶೇಂಗಾ ಬಿಡಿಸುವುದು, ಕಳೆ ತೆಗೆಯುವುದು. ಇದರ ಮೇಲೆ ಲಗೋರಿ, ಚಿನ್ನಿದಾಂಡು, ಕಬಡ್ಡಿ, ಹೊಳೆಯಲ್ಲಿ ಈಜು. ವ್ಯಾಯಾಮ ಎಂಬ ಪದವನ್ನು ನಾವು ಪಠ್ಯಪುಸ್ತಕದಲ್ಲಿ ಮಾತ್ರ ಓದಿದ್ದೆವು. ತರಗತಿಯಲ್ಲಿ ಒಬ್ಬ ದಪ್ಪ ಹುಡುಗನಿದ್ದರೆ ಅವನು ಸಾಹುಕಾರರ ಮನೆಯವನು ಎಂದು ಯಾರೂ ಹೇಳದೆ ಗೊತ್ತಾಗುತ್ತಿತ್ತು.

ಬದಲಾವಣೆ ಮೊದಲು ಬಂದದ್ದು ಹೊಲಕ್ಕೆ, ಆಮೇಲೆ ಅಡುಗೆಮನೆಗೆ. ಲಕ್ಕವಳ್ಳಿಯ ಭದ್ರಾ ಜಲಾಶಯದ ಕೆಲಸ 1947ರಲ್ಲಿ ಶುರುವಾಗಿ ಅರವತ್ತರ ದಶಕದಲ್ಲಿ ಮುಗಿಯಿತು. ಬಲದಂಡೆ ನಾಲೆಯ ನೀರು ಚನ್ನಗಿರಿ, ಹೊನ್ನಾಳಿ, ದಾವಣಗೆರೆ ಸೀಮೆಗೆ ಹರಿದಂತೆ ಜೋಳದ ಹೊಲ ಗದ್ದೆಯಾಯಿತು. ರೊಟ್ಟಿ ತಟ್ಟುತ್ತಿದ್ದ ಮನೆ ಅನ್ನ ಬೇಯಿಸತೊಡಗಿತು. ಇದನ್ನು ತಪ್ಪೆನ್ನಲಾಗದು. ರೊಟ್ಟಿ ತಟ್ಟುವುದು ಬೆನ್ನು ಮುರಿಯುವ ಕೆಲಸ, ಒಲೆಯ ಮುಂದೆ ಎರಡು ತಾಸು ಕೂರಬೇಕಾದವಳಿಗೆ ಅನ್ನ ಬಿಡುಗಡೆಯಂತೆ ಕಂಡಿತು. ನಂತರದ ದಶಕಗಳಲ್ಲಿ ಚನ್ನಗಿರಿಯಲ್ಲಿ ಗದ್ದೆಯೂ ಹೋಗಿ ಅಡಿಕೆ ತೋಟವಾಯಿತು. ಸೂಳೆಕೆರೆಯ ಆಸುಪಾಸಿನಲ್ಲಿ, ಸಂತೇಬೆನ್ನೂರಿನ ದಾರಿಯಲ್ಲಿ ಈಗ ಕಣ್ಣು ಹಾಯಿಸಿದಷ್ಟೂ ತೋಟ. ನೀರಿಲ್ಲದ ಕಡೆ, ಅಂದರೆ ನ್ಯಾಮತಿಯ ಬೆದ್ದಲು ಹೊಲಗಳಲ್ಲಿ, ಜಗಳೂರಿನಲ್ಲಿ, ಮೆಕ್ಕೆಜೋಳ ಬಂತು. ರಾಜ್ಯದಲ್ಲಿ ಮೆಕ್ಕೆಜೋಳ ಹೆಚ್ಚು ಬೆಳೆಯುವ ಜಿಲ್ಲೆಗಳಲ್ಲಿ ನಮ್ಮದೂ ಒಂದು. ಆದರೆ ಅದು ಕೋಳಿ ಆಹಾರದ ಕಾರ್ಖಾನೆಗೆ, ಸ್ಟಾರ್ಚ್ ಕಾರ್ಖಾನೆಗೆ ಹೋಗುವ ಬೆಳೆ. ಅಡಿಕೆಯಂತೂ ಉಣ್ಣುವ ಪದಾರ್ಥವೇ ಅಲ್ಲ. ಹೀಗೆ, ಹೊಲದಲ್ಲಿ ಬೆಳೆದದ್ದನ್ನು ಮನೆಯಲ್ಲಿ ಉಣ್ಣುವ ರೂಢಿ ನಮ್ಮ ಕಣ್ಣೆದುರೇ ಮುಗಿಯಿತು. ಬೆಳೆ ಮಾರಿ ಬಂದ ಹಣದಿಂದ ಅಂಗಡಿಯಲ್ಲಿ ಕೊಂಡು ಉಣ್ಣುವ ರೂಢಿ ಬಂತು. ಅಕ್ಕಡಿ ಸಾಲಿನಲ್ಲಿ ಹಾಕುತ್ತಿದ್ದ ತೊಗರಿ, ಅವರೆ, ಹೆಸರು, ಅಲಸಂದೆ ಮಾಯವಾದದ್ದು ನನ್ನ ಮಟ್ಟಿಗೆ ಜೋಳ ಹೋದದ್ದಕ್ಕಿಂತ ದೊಡ್ಡ ನಷ್ಟ. ಅನ್ನ ತಿಂದರೆ ದಪ್ಪಗಾಗುತ್ತಾರೆ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಅನ್ನದ ಪಕ್ಕದಲ್ಲಿದ್ದ ಕಾಳು, ಸೊಪ್ಪು ಕಡಿಮೆಯಾಗಿ ಬರೀ ಅನ್ನ, ತಿಳಿಸಾರು ಉಳಿದದ್ದು ಕೆಡುಕಿಗೆ ದಾರಿಯಾಯಿತು.

ಸರ್ಕಾರದ ಊಟದ ಕಥೆಯೂ ಇದೇ ಕಾಲದಲ್ಲಿ ಸಾಗಿತು. ಪಕ್ಕದ ತಮಿಳುನಾಡಿನಲ್ಲಿ ಕಾಮರಾಜರು 1956ರಲ್ಲೇ ಶಾಲೆಯಲ್ಲಿ ಊಟ ಹಾಕಿಸಿದ್ದರು, ಎಂಜಿಆರ್ 1982ರಲ್ಲಿ ಅದನ್ನು ದೊಡ್ಡದು ಮಾಡಿದರು. ನಮ್ಮಲ್ಲಿ ಕೇರ್ ನೆರವಿನ ನಂತರ, 1995ರ ಆಗಸ್ಟ್ 15ರಂದು ಕೇಂದ್ರದ ಯೋಜನೆ ಬಂದಾಗ, ಹಾಜರಾತಿ ನೂರಕ್ಕೆ ಎಂಬತ್ತು ಇದ್ದ ಪ್ರಾಥಮಿಕ ಶಾಲೆ ಮಗುವಿಗೆ ತಿಂಗಳಿಗೆ ಮೂರು ಕೆ.ಜಿ. ಅಕ್ಕಿ ಕೊಡುತ್ತಿದ್ದರು. ಆ ಅಕ್ಕಿ ಮನೆಯವರೆಲ್ಲರ ಗಡಿಗೆಗೆ ಹೋಗುತ್ತಿತ್ತು, ಮಗುವಿನ ಪಾಲು ಎಷ್ಟೆಂದು ಹೇಳುವಂತಿರಲಿಲ್ಲ. 2001ರ ನವೆಂಬರ್ 28ರಂದು ಸುಪ್ರೀಂ ಕೋರ್ಟ್ ಬೇಯಿಸಿದ ಊಟವನ್ನೇ ಕೊಡಬೇಕೆಂದು ಆದೇಶಿಸಿತು. 2002ರಲ್ಲಿ ಉತ್ತರ ಕರ್ನಾಟಕದ ಏಳು ಜಿಲ್ಲೆಗಳಲ್ಲಿ ಅಕ್ಷರ ದಾಸೋಹ ಶುರುವಾಯಿತು, ಮರುವರ್ಷ ನಮ್ಮ ಕಡೆಗೂ ಬಂತು. ಅದು ಪ್ರೌಢಶಾಲೆಗೆ ತಲುಪಿದ್ದು 2007ರಲ್ಲಿ. ಮೊದಲ ದಿನ ಎಲ್ಲ ಜಾತಿಯ ಮಕ್ಕಳು ಒಂದೇ ಸಾಲಿನಲ್ಲಿ ಕೂತು ಉಂಡದ್ದು ನಮ್ಮೂರಿಗೆ ಸಣ್ಣ ವಿಷಯವಾಗಿರಲಿಲ್ಲ. ಅದರ ಬಗ್ಗೆ ಬೇರೆಯೇ ಲೇಖನ ಬರೆಯಬೇಕು.

2013ರಲ್ಲಿ ಎರಡು ಯೋಜನೆಗಳು ಬಂದವು. ಜುಲೈನಲ್ಲಿ ಅನ್ನಭಾಗ್ಯ, ಆಗಸ್ಟ್ 1ರಂದು ಕ್ಷೀರಭಾಗ್ಯ. ಮಗುವಿಗೆ 150 ಮಿಲಿಲೀಟರ್ ಹಾಲು, ಮೊದಲು ವಾರಕ್ಕೆ ಮೂರು ದಿನ, ಮುಂದೆ ಐದು ದಿನ. 2022ರಿಂದ ನಮ್ಮ ಜಿಲ್ಲೆಯಲ್ಲೂ ಮೊಟ್ಟೆ, ಬೇಡದವರಿಗೆ ಬಾಳೆಹಣ್ಣು ಅಥವಾ ಶೇಂಗಾ ಚಿಕ್ಕಿ. 2024ರಿಂದ ಅಜೀಂ ಪ್ರೇಮ್‌ಜಿ ಫೌಂಡೇಶನ್ ನೆರವಿನಿಂದ ವಾರಕ್ಕೆ ಆರು ದಿನ ಮೊಟ್ಟೆ. ಅದೇ ವರ್ಷ ರಾಗಿ ಮಾಲ್ಟ್. ಕೇರ್ ಉಪ್ಪಿಟ್ಟಿನಿಂದ ಇಲ್ಲಿಯವರೆಗಿನ ಈ ಸಾಲನ್ನು ನೋಡಿದರೆ ಒಂದು ಗುರಿ ಸ್ಪಷ್ಟ: ಹಸಿವನ್ನು ಗೆಲ್ಲಬೇಕು. ಗೆಲ್ಲುವುದರಲ್ಲಿ ಬಹಳ ಮುಂದೆ ಬಂದಿದ್ದೇವೆ. ಬೊಜ್ಜು ಎಂಬ ಎದುರಾಳಿಯನ್ನು ಈ ಯೋಜನೆಗಳು ಎಣಿಸಿರಲಿಲ್ಲ. ಎಣಿಸುವ ಕಾಲವೂ ಅದಾಗಿರಲಿಲ್ಲ.

ಬಿಸಿಯೂಟದಿಂದ ಮಕ್ಕಳು ದಪ್ಪಗಾಗುತ್ತಿದ್ದಾರೆಂದು ಕೆಲವರು ಸಭೆಗಳಲ್ಲಿ ಹೇಳುವುದನ್ನು ಕೇಳಿದ್ದೇನೆ. ಲೆಕ್ಕ ನೋಡಿ. 6ರಿಂದ 8ನೇ ತರಗತಿಯ ಮಗುವಿಗೆ ನಿಗದಿಯಾದದ್ದು 150 ಗ್ರಾಂ ಧಾನ್ಯ, 30 ಗ್ರಾಂ ಬೇಳೆ, 75 ಗ್ರಾಂ ತರಕಾರಿ, ಏಳೂವರೆ ಗ್ರಾಂ ಎಣ್ಣೆ. ಅದರಿಂದ 700 ಕಿಲೋ ಕ್ಯಾಲರಿ, 20 ಗ್ರಾಂ ಪ್ರೋಟೀನ್ ಸಿಗಬೇಕೆಂಬುದು ನಿಯಮ. ಬೆಳೆಯುವ ಮಗುವಿನ ಒಂದು ಹೊತ್ತಿಗೆ ಇದು ಸರಿಯಾದ ಊಟ. ನಮ್ಮ ಅಡುಗೆಯ ಅಕ್ಕಂದಿರು ಕಡಿಮೆ ಗೌರವಧನಕ್ಕೆ ಇದನ್ನು ಅಳತೆಯಿಂದ ಮಾಡುತ್ತಾರೆ. ಏಳೂವರೆ ಗ್ರಾಂ ಎಣ್ಣೆ ಎಂದರೆ ಒಂದೂವರೆ ಟೀ ಚಮಚ. ಮನೆಯಲ್ಲಿ ಒಗ್ಗರಣೆಗೆ ಎಣ್ಣೆ ಸುರಿಯುವಾಗ ತಲೆಗೆ ಒಂದೂವರೆ ಚಮಚ ಎಂದು ಲೆಕ್ಕ ಹಾಕಿದವರನ್ನು ನಾನು ಕಂಡಿಲ್ಲ. ಶಾಲೆಯ ಊಟ ವರ್ಷಕ್ಕೆ ಇನ್ನೂರು ಚಿಲ್ಲರೆ ಹೊತ್ತು. ಉಳಿದ ಎಲ್ಲ ಹೊತ್ತುಗಳು ಮನೆಯವು, ಬೀದಿಯವು.

ಬೀದಿಯ ಮಾತಿಗೆ ಬರೋಣ. ನಮ್ಮ ಸೀಮೆಯವರಿಗೆ ಕುರುಕಲು ಹೊಸದಲ್ಲ. ಸಂತೆಗೆ ಹೋದ ಅಪ್ಪ ವಾರಕ್ಕೊಮ್ಮೆ ಟವೆಲಿನ ತುದಿಯಲ್ಲಿ ಮಂಡಕ್ಕಿ, ಖಾರ, ಬೆಂಡು-ಬತ್ತಾಸು ಕಟ್ಟಿಕೊಂಡು ಬರುತ್ತಿದ್ದ. ಮಂಡಕ್ಕಿ ಮೆಣಸಿನಕಾಯಿ, ಬೆಣ್ಣೆದೋಸೆಯ ದಾವಣಗೆರೆಯ ಪಕ್ಕದಲ್ಲಿ ಬೆಳೆದವರು ನಾವು, ಬಾಯಿರುಚಿಯ ವಿರುದ್ಧ ಉಪದೇಶ ಮಾಡಲು ನನಗೆ ನಾಲಿಗೆ ಏಳುವುದಿಲ್ಲ. ಆದರೆ ಸಂತೆ ವಾರಕ್ಕೊಮ್ಮೆ ಬರುತ್ತಿತ್ತು, ಒಂದು ಸೇರು ಮಂಡಕ್ಕಿಯನ್ನು ಮನೆಮಂದಿ ಎಲ್ಲ ಹಂಚಿಕೊಳ್ಳಬೇಕಿತ್ತು. ತೊಂಬತ್ತರ ದಶಕದ ಕೊನೆಗೆ ಊರಿನ ಪೆಟ್ಟಿಗೆ ಅಂಗಡಿಗಳ ಮುಂದೆ ಬಣ್ಣದ ಪೊಟ್ಟಣಗಳು ಮಾಲೆಯಂತೆ ನೇತಾಡತೊಡಗಿದವು. ಐದು ರೂಪಾಯಿಯ ಪೊಟ್ಟಣವನ್ನು ಯಾರೊಂದಿಗೂ ಹಂಚಬೇಕಿಲ್ಲ, ಕಾಯಬೇಕಾಗಿಯೂ ಇಲ್ಲ. ಬೆಳಿಗ್ಗೆ ತಿಂಡಿಗೆ ಬಿಸ್ಕತ್ತು, ಶಾಲೆಯಿಂದ ಬಂದ ಮೇಲೆ ಒಂದು ಪೊಟ್ಟಣ, ರಾತ್ರಿ ಟಿ.ವಿ. ಮುಂದೆ ಇನ್ನೊಂದು. ಜಗಳೂರಿನ ಒಳಹಳ್ಳಿಗಳಲ್ಲಿ ಕುಡಿಯುವ ನೀರಿಗೆ ಟ್ಯಾಂಕರ್ ಕಾಯುತ್ತಿದ್ದ ಬೇಸಿಗೆಗಳಲ್ಲೂ ಅಂಗಡಿಯಲ್ಲಿ ತಂಪು ಪಾನೀಯದ ಬಾಟಲಿ ತಪ್ಪದೆ ಸಿಗುತ್ತಿತ್ತು. ಅದರ ಒಂದು ದೊಡ್ಡ ಲೋಟದಲ್ಲಿ, ಅಂದರೆ 300 ಮಿಲಿಲೀಟರಿನಲ್ಲಿ, ಸುಮಾರು 30 ಗ್ರಾಂ ಸಕ್ಕರೆ ಇರುತ್ತದೆ, ಆರು ಚಮಚೆಯಷ್ಟು. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ದೊಡ್ಡವರಿಗೇ ದಿನಕ್ಕೆ 25 ಗ್ರಾಂ ದಾಟದಿದ್ದರೆ ಒಳ್ಳೆಯದು.

ಓಡಾಟವೂ ಇದೇ ಹೊತ್ತಿಗೆ ಕಡಿಮೆಯಾಯಿತು. 2006-07ರಲ್ಲಿ ಸರ್ಕಾರ ಎಂಟನೇ ತರಗತಿಯವರಿಗೆ ಸೈಕಲ್ ಕೊಡಲು ಶುರು ಮಾಡಿದಾಗ ನಮ್ಮ ಶಾಲೆಯ ಮುಂದೆ ಸೈಕಲ್ ಸಾಲು ನೋಡುವುದೇ ಒಂದು ಚೆಂದವಾಗಿತ್ತು. ಹೆಣ್ಣುಮಕ್ಕಳು ಗುಂಪಾಗಿ ತುಳಿದುಕೊಂಡು ಬರುತ್ತಿದ್ದರು. ಕೋವಿಡ್ ನಂತರ ಆ ಯೋಜನೆ ನಿಂತಿತು. ಈಗ ಅರ್ಧ ಮೈಲಿ ದೂರದ ಮಗುವನ್ನೂ ಬೈಕಿನಲ್ಲಿ ತಂದು ಬಿಡುತ್ತಾರೆ, ರಸ್ತೆಯಲ್ಲಿ ಲಾರಿಗಳ ಭಯ ಎನ್ನುತ್ತಾರೆ, ಆ ಭಯ ಸುಳ್ಳಲ್ಲ. ಖಾಸಗಿ ಶಾಲೆಯ ವ್ಯಾನು ಮನೆ ಬಾಗಿಲಿಗೇ ಬರುತ್ತದೆ. ನಲ್ಲಿ ಮನೆಗೆ ಬಂತು, ದನ ಕಡಿಮೆಯಾದವು, ಟ್ರ್ಯಾಕ್ಟರ್ ಬಂತು. ಇವೆಲ್ಲ ನಾವು ಬೇಡಿ ಪಡೆದ ಸುಖಗಳು. ಆದರೆ ಆ ಕೆಲಸಗಳ ಜಾಗದಲ್ಲಿ ಮಗುವಿನ ಮೈಗೆ ಬೇರೆ ಯಾವ ಕೆಲಸವನ್ನೂ ನಾವು ಕೊಡಲಿಲ್ಲ. ಶಾಲೆಗಳೂ ಈ ವಿಷಯದಲ್ಲಿ ಸಾಚಾ ಅಲ್ಲ. ಎಸ್‌ಎಸ್‌ಎಲ್‌ಸಿ ಹತ್ತಿರ ಬಂದರೆ ಆಟದ ಪೀರಿಯಡ್ ಗಣಿತಕ್ಕೆ ಹೋಗುವುದು ಎಲ್ಲ ಕಡೆ ಇರುವ ಪದ್ಧತಿ.

2020ರ ಮಾರ್ಚ್‌ನಲ್ಲಿ ಶಾಲೆಗಳು ಮುಚ್ಚಿದವು. ಅಕ್ಷರ ದಾಸೋಹದ ಅಕ್ಕಿ, ಬೇಳೆ ಮನೆಗೆ ಹೋಯಿತು, ಪಾಠ ಮೊಬೈಲಿಗೆ ಹೋಯಿತು. ವಿದ್ಯಾಗಮದಲ್ಲಿ ನಾವು ಗುಡಿಯ ಜಗಲಿ, ಮರದ ನೆರಳು ಹುಡುಕಿಕೊಂಡು ಪಾಠ ಮಾಡಿದೆವು. 2021ರ ಜನವರಿಯಲ್ಲಿ ಹತ್ತನೇ ತರಗತಿ ತೆರೆದಾಗ ಕೆಲವು ಮಕ್ಕಳ ಗುರುತು ಸಿಗಲಿಲ್ಲ. ಒಂದೇ ತರಗತಿಯಲ್ಲಿ ಕೆಲವರು ಕಡ್ಡಿಯಾಗಿದ್ದರು, ಕೆಲವರು ಹಳೆಯ ಸಮವಸ್ತ್ರಕ್ಕೆ ಹಿಡಿಸದಷ್ಟು ದಪ್ಪಗಾಗಿದ್ದರು. ಕೂಲಿ ನಿಂತ ಮನೆಯ ಮಗು ಇತ್ತ, ಫೋನ್ ಹಿಡಿದು ಕೂತ ಮಗು ಅತ್ತ. ಒಂದೇ ಬೆಂಚಿನಲ್ಲಿ ಎರಡೂ.

ಅಂಕಿಅಂಶಗಳೂ ಇದನ್ನೇ ಹೇಳುತ್ತವೆ. 2016-18ರಲ್ಲಿ ನಡೆದ ಮಕ್ಕಳ ರಾಷ್ಟ್ರೀಯ ಪೋಷಣಾ ಸಮೀಕ್ಷೆಯಲ್ಲಿ 10ರಿಂದ 19 ವರ್ಷದವರಲ್ಲಿ ನೂರಕ್ಕೆ 24 ಮಂದಿ ವಯಸ್ಸಿಗೆ ತಕ್ಕ ತೂಕವಿಲ್ಲದ ತೆಳು ಮೈಯವರು, 5 ಮಂದಿ ತೂಕ ಮೀರಿದವರು. ಐದು ವರ್ಷದೊಳಗಿನ ಮಕ್ಕಳಲ್ಲಿ ತೂಕ ಮೀರಿದವರು ದೇಶದಲ್ಲಿ ನಾಲ್ಕನೇ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ನೂರಕ್ಕೆ 2.1 ಇದ್ದದ್ದು ಐದನೆಯದರಲ್ಲಿ 3.4 ಆಯಿತು. ಸಂಖ್ಯೆ ಚಿಕ್ಕದು, ದಿಕ್ಕು ನೋಡಬೇಕು. ಲ್ಯಾನ್ಸೆಟ್ ಪತ್ರಿಕೆ 2024ರಲ್ಲಿ ಪ್ರಕಟಿಸಿದ ಅಂದಾಜಿನಂತೆ ಭಾರತದಲ್ಲಿ 5ರಿಂದ 19 ವರ್ಷದ ಬೊಜ್ಜಿನ ಮಕ್ಕಳು 1990ರಲ್ಲಿ ಸುಮಾರು 4 ಲಕ್ಷ, 2022ರಲ್ಲಿ ಸುಮಾರು 1 ಕೋಟಿ 25 ಲಕ್ಷ. 2025ರಲ್ಲಿ ಯುನಿಸೆಫ್ ಹೇಳಿದ್ದು ಇನ್ನೂ ದೊಡ್ಡ ಮಾತು: ಜಗತ್ತಿನ ಶಾಲಾ ವಯಸ್ಸಿನ ಮಕ್ಕಳಲ್ಲಿ ಬೊಜ್ಜಿನವರ ಪ್ರಮಾಣ ತೂಕ ಕಡಿಮೆಯವರ ಪ್ರಮಾಣವನ್ನು ಮೊದಲ ಬಾರಿಗೆ ದಾಟಿತು. ನಮ್ಮ ದೇಶ ಇನ್ನೂ ಅಲ್ಲಿಗೆ ಹೋಗಿಲ್ಲ. ಆದ್ದರಿಂದಲೇ ಇಲ್ಲಿ ಎಚ್ಚರ ಬೇಕು. ಬೊಜ್ಜಿನ ಹೆಸರು ಹೇಳಿ ಮೊಟ್ಟೆ ನಿಲ್ಲಿಸಿ, ಹಾಲು ನಿಲ್ಲಿಸಿ ಎಂದರೆ ತೆಳು ಮೈಯ ಮಗುವಿನ ಬಾಯಿಂದ ತುತ್ತು ಕಸಿದ ಹಾಗಾಗುತ್ತದೆ.

ಹಸಿವಿನ ಕಾಲಕ್ಕೂ ಬೊಜ್ಜಿನ ಕಾಲಕ್ಕೂ ಒಳಗಿನ ಒಂದು ನಂಟಿದೆ. ಅದನ್ನು ಕಂಡುಹಿಡಿದವರಲ್ಲಿ ನಮ್ಮ ಮೈಸೂರಿನವರೂ ಇದ್ದಾರೆ ಎಂಬುದು ಬಹಳ ಜನರಿಗೆ ಗೊತ್ತಿಲ್ಲ. ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ, ಊರಿನ ಜನರ ಬಾಯಲ್ಲಿ ಮಿಷನ್ ಆಸ್ಪತ್ರೆಯಲ್ಲಿ, 1934ರಿಂದ ಹುಟ್ಟಿದ ಕೂಸುಗಳ ತೂಕ, ಉದ್ದ, ತಲೆಯ ಸುತ್ತಳತೆಯನ್ನು ದಾದಿಯರು ಪುಸ್ತಕದಲ್ಲಿ ಬರೆದಿಟ್ಟಿದ್ದರು. ಅರ್ಧ ಶತಮಾನದ ನಂತರ ಸಂಶೋಧಕರು ಆ ಕೂಸುಗಳನ್ನು ನಡುವಯಸ್ಕರಾಗಿ ಹುಡುಕಿ ಪರೀಕ್ಷಿಸಿದರು. ಹುಟ್ಟುವಾಗ ತೂಕ ಕಡಿಮೆ ಇದ್ದವರಲ್ಲಿ ಹೃದ್ರೋಗ ಹೆಚ್ಚು ಎಂದು 1996ರಲ್ಲಿ ಪ್ರಕಟವಾಯಿತು. ಪುಣೆಯಲ್ಲಿ ಡಾ. ಯಾಜ್ಞಿಕ್ ಅವರು ತೋರಿಸಿದ್ದೇನೆಂದರೆ ನಮ್ಮ ಕೂಸುಗಳು ಇಂಗ್ಲೆಂಡಿನ ಕೂಸುಗಳಿಗಿಂತ ತೂಕದಲ್ಲಿ ಬಹಳ ಕಡಿಮೆ ಇದ್ದರೂ ಮೈಯೊಳಗಿನ ಕೊಬ್ಬಿನಲ್ಲಿ ಅಷ್ಟು ಕಡಿಮೆ ಇರುವುದಿಲ್ಲ. ಹಸಿದ ತಾಯಿಯ ಹೊಟ್ಟೆಯಲ್ಲಿ ಬೆಳೆದ ಮೈ ಸಿಕ್ಕಿದ್ದನ್ನು ಕೂಡಿಡಲು ಕಲಿತಿರುತ್ತದೆ ಎಂದು ಸರಳವಾಗಿ ಹೇಳಬಹುದು. ಅಂಥ ಮೈಗೆ ಮುಂದೆ ದಿನಾ ಸಕ್ಕರೆ, ಎಣ್ಣೆ ಸುರಿದು, ಕೂತಲ್ಲೇ ಕೂರಿಸಿದರೆ ಸಕ್ಕರೆ ಕಾಯಿಲೆ, ಬಿ.ಪಿ. ಬೇಗ ಬರುತ್ತವೆ. ನಮ್ಮ ಮೊದಲ ತಂಡಗಳ ಸಹಪಾಠಿಗಳು ಸೇರಿದಾಗ ಈಗ ಮಾತು ಎಲ್ಲಿಂದ ಶುರುವಾದರೂ ಮಾತ್ರೆಗಳಿಗೆ ಬಂದು ನಿಲ್ಲುತ್ತದೆ. ಐವತ್ತೈದು ಅರವತ್ತಕ್ಕೆ ನಮಗೆ ಬಂದದ್ದು ಮೊಮ್ಮಕ್ಕಳಿಗೆ ಇಪ್ಪತ್ತೈದಕ್ಕೆ ಬರಬೇಕೆ?

ಮೈಯ ನೆನಪಿಗಿಂತ ಮನಸ್ಸಿನ ನೆನಪು ಗಟ್ಟಿ. ಹೊನ್ನಾಳಿ ತಾಲ್ಲೂಕಿನ ಒಂದು ಶಾಲೆಯಲ್ಲಿ ಪೋಷಕರ ಸಭೆ ಮುಗಿದ ಮೇಲೆ, ಮೊಮ್ಮಗನ ತೂಕದ ವಿಷಯ ಎತ್ತಿದಾಗ, ಒಬ್ಬ ಅಜ್ಜಿ ನನಗೆ ಹೇಳಿದರು: "ಮೇಷ್ಟ್ರೇ, ನಾವಂತೂ ಹೊಟ್ಟಿಗಿಲ್ದೆ ಬೆಳದ್ವಿ. ಈ ಹುಡುಗನಾದ್ರೂ ಬಾಯಿಗೆ ಬೇಕಾದ್ದು ತಿನ್ಲಿ ಬಿಡ್ರಿ." ಇದಕ್ಕೆ ನಾನು ಯಾವ ಆರೋಗ್ಯ ಶಿಕ್ಷಣದ ಪಾಠ ಹೇಳಲಿ? ಸಾಲಿನಲ್ಲಿ ಎಲೆ ಹಿಡಿದು ನಿಂತವರೇ ಈಗ ಅಜ್ಜ ಅಜ್ಜಿಯರು. ಮಗು ಕೈಚಾಚಿದರೆ ಇಲ್ಲ ಎನ್ನಲು ಅವರ ಬಾಯಿ ಬರುವುದಿಲ್ಲ. ಮೈತುಂಬಿದ ಮಗು ಕಂಡರೆ ದೃಷ್ಟಿ ತೆಗೆಯುತ್ತಾರೆಯೇ ಹೊರತು ತಕ್ಕಡಿ ಹುಡುಕುವುದಿಲ್ಲ. ಬೊಜ್ಜನ್ನು ಸೋಮಾರಿತನ, ದುರಾಸೆ ಎಂದು ಬೈಯುವವರಿಗೆ ಈ ಇತಿಹಾಸ ಗೊತ್ತಿರಬೇಕು. ನಮ್ಮ ಊರುಗಳಲ್ಲಿ ಅದು ಬಹಳ ಮಟ್ಟಿಗೆ ಪ್ರೀತಿಯಿಂದ ಬಂದದ್ದು. ಆ ಅಜ್ಜಿಗೆ ನಾನು ಕೊಟ್ಟ ಉತ್ತರ ಇಷ್ಟೇ: "ತಿನ್ಲಿ ಅಜ್ಜಿ, ಆದ್ರೆ ನೀವು ಮಾಡಿದ್ದನ್ನ ತಿನ್ಲಿ, ಅಂಗಡಿಯದಲ್ಲ." ಹುರಿದ ಕಡಲೆ, ಶೇಂಗಾ-ಬೆಲ್ಲ, ಹುರಿಟ್ಟು, ಬೇಯಿಸಿದ ಅವರೆಕಾಳು, ತೆನೆ ಸುಟ್ಟ ಮೆಕ್ಕೆಜೋಳ, ಇವು ಆಕೆಗೆ ಗೊತ್ತಿದ್ದವೇ. ಬಡವರ ತಿಂಡಿ ಎಂದು ನಾಚಿಕೊಂಡು ಬಿಟ್ಟಿದ್ದರು.

ಮನೆಯಲ್ಲಿ ಏನು ಮಾಡಬಹುದು ಎಂದು ಹಳೆಯ ವಿದ್ಯಾರ್ಥಿಗಳು ಕೇಳುತ್ತಾರೆ. ಮಗುವಿಗೊಂದು ಅಡುಗೆ, ದೊಡ್ಡವರಿಗೊಂದು ಅಡುಗೆ ಎಂಬ ವ್ಯವಸ್ಥೆ ನಡೆಯುವುದಿಲ್ಲ. ದಪ್ಪ ಮಗುವಿನ ತಟ್ಟೆಗೆ ಮಾತ್ರ ಸೊಪ್ಪು ಹಾಕಿ ಉಳಿದವರು ಬಜ್ಜಿ ತಿಂದರೆ ಆ ಮಗು ಕದ್ದು ತಿನ್ನುತ್ತದೆ. ಇಡೀ ಮನೆ ಬದಲಾಗಬೇಕು. ವಾರಕ್ಕೆ ನಾಲ್ಕು ದಿನವಾದರೂ ರಾತ್ರಿ ರೊಟ್ಟಿ ಅಥವಾ ಮುದ್ದೆ, ದಿನಕ್ಕೊಂದು ಕಾಳು, ಹಿತ್ತಲಲ್ಲಿ ನುಗ್ಗೆ, ಬಸಳೆ. ರೊಟ್ಟಿ ತಟ್ಟುವ ಹೊರೆಯನ್ನು ಮತ್ತೆ ಹೆಂಗಸರ ಮೇಲೇ ಹಾಕುವ ಉಪದೇಶ ನನ್ನದಲ್ಲ. ಮನೆಯ ಗಂಡಸರೂ ಹಿಟ್ಟು ನಾದಲಿ, ಅಥವಾ ಊರಲ್ಲಿ ರೊಟ್ಟಿ ಮಾಡಿ ಮಾರುವ ಸ್ವಸಹಾಯ ಸಂಘದ ಹೆಣ್ಣುಮಕ್ಕಳಿಂದ ಕೊಳ್ಳಲಿ. ರಾತ್ರಿ ಒಂದು ಹೊತ್ತಾದರೂ ಎಲ್ಲರೂ ಒಟ್ಟಿಗೆ ಕೂತು, ಟಿ.ವಿ. ಆರಿಸಿ, ಫೋನನ್ನು ಗೂಡಿನಲ್ಲಿಟ್ಟು ಉಣ್ಣುವುದು. ಪರದೆ ನೋಡುತ್ತ ಉಣ್ಣುವವರಿಗೆ ಹೊಟ್ಟೆ ತುಂಬಿದ್ದು ತಿಳಿಯುವುದಿಲ್ಲ. ತಂಪು ಪಾನೀಯ ಮನೆಗೆ ತರದಿರುವುದು, ಮಜ್ಜಿಗೆ ಇಡುವುದು. ಮಕ್ಕಳು ಬೇಗ ಮಲಗುವುದು, ಏಕೆಂದರೆ ನಿದ್ದೆಗೆಟ್ಟ ಮಗುವಿಗೆ ಮರುದಿನ ಹಸಿವು ಹೆಚ್ಚು. ಪ್ರೌಢಶಾಲೆ ವಯಸ್ಸಿನವರಿಗೆ ಎಂಟರಿಂದ ಹತ್ತು ತಾಸು ನಿದ್ದೆ ಬೇಕು. ದಿನಕ್ಕೆ ಒಂದು ತಾಸು ಬೆವರು ಬರುವಂತೆ ಆಡಲಿ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ನಮ್ಮ ಶಾಲೆಯ ಮೈದಾನ ಸಂಜೆ ಐದರ ನಂತರ ಬೀಗ ಹಾಕಿಕೊಂಡು ಖಾಲಿ ಇರುತ್ತದೆ. ಬೀಗದ ಕೈ ಯಾರ ಹತ್ತಿರ ಇರಬೇಕೆಂದು ಎಸ್‌ಡಿಎಂಸಿ ತೀರ್ಮಾನಿಸಿದರೆ ಸಾಕು.

ಪಥ್ಯ ಮಾಡಿಸಬೇಡಿ. ಬೆಳೆಯುವ ಮಗುವನ್ನು ಉಪವಾಸ ಕೆಡವುವುದು, ಜಾಹೀರಾತಿನ ಪುಡಿ ಕುಡಿಸುವುದು ಅಪಾಯ. ಎತ್ತರ ಬೆಳೆಯುತ್ತಿರುವಾಗ ತೂಕ ಏರದಂತೆ ನೋಡಿಕೊಂಡರೇ ಎಷ್ಟೋ ಮಕ್ಕಳು ಸರಿಹೋಗುತ್ತಾರೆ. ಅನುಮಾನವಿದ್ದರೆ, ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವೈದ್ಯರ ತಂಡ ಶಾಲೆಗೆ ಬಂದಾಗ ಅಳತೆ ಕೇಳಿ ಬರೆದಿಟ್ಟುಕೊಳ್ಳಿ. ಇನ್ನೊಂದು ಮಾತು ನನ್ನ ಸಹೋದ್ಯೋಗಿಗಳಿಗೆ. ಡುಮ್ಮ, ಗುಂಡಮ್ಮ ಎಂದು ತರಗತಿಯಲ್ಲಿ ಕರೆಯುವುದು ತಮಾಷೆಯಲ್ಲ. ಚನ್ನಗಿರಿ ಕಡೆಯ ಶಾಲೆಯಲ್ಲಿ ಚೆನ್ನಾಗಿ ಓಡುತ್ತಿದ್ದ ಒಬ್ಬ ಹುಡುಗಿ ಒಂಬತ್ತನೇ ತರಗತಿಗೆ ಬಂದ ಮೇಲೆ ಮೈದಾನಕ್ಕೆ ಇಳಿಯುವುದನ್ನೇ ಬಿಟ್ಟಳು. ಕಾರಣ ಕೇಳಿದರೆ ತಲೆ ತಗ್ಗಿಸಿದಳು. ಅವಳ ಗೆಳತಿ ಹೇಳಿದಳು, ಹುಡುಗರು ಅಡ್ಡಹೆಸರು ಇಟ್ಟಿದ್ದಾರೆ ಸರ್ ಎಂದು. ಓಡಬೇಕಾದ ಮಗುವನ್ನು ನಾವೇ ಕೂರಿಸಿದಂತಾಯಿತು.

ಕಾನೂನೂ ಒಂದಿದೆ. ಆಹಾರ ಸುರಕ್ಷತಾ ಪ್ರಾಧಿಕಾರದ 2020ರ ನಿಯಮದಂತೆ ಕೊಬ್ಬು, ಉಪ್ಪು, ಸಕ್ಕರೆ ಅತಿಯಾಗಿರುವ ತಿನಿಸುಗಳನ್ನು ಶಾಲೆಯ ಒಳಗೂ, ಗೇಟಿನಿಂದ 50 ಮೀಟರ್ ಸುತ್ತಲೂ ಮಾರುವಂತಿಲ್ಲ. ಗೇಟಿನ ಎದುರಿನ ಅಂಗಡಿಯವರೂ ಇದೇ ಶಾಲೆಯ ಹಳೆಯ ವಿದ್ಯಾರ್ಥಿಗಳು, ಅವರ ಹೊಟ್ಟೆಪಾಡೂ ಇದೆ. ಜಗಳ ಬೇಡ, ಕೂತು ಮಾತಾಡಬಹುದು. ಪೇರಲ, ಬಾಳೆ, ಚಿಕ್ಕಿ, ಬೇಯಿಸಿದ ಶೇಂಗಾ ಮಾರಿದರೂ ವ್ಯಾಪಾರ ಆಗುತ್ತದೆ, ಕೊಳ್ಳುವ ಮಕ್ಕಳು ಅವರೇ.

ಸುವರ್ಣ ಮಹೋತ್ಸವದ ದಿನದ ಊಟಕ್ಕೆ ಸಮಿತಿ ಸಭೆಯಲ್ಲಿ ಎರಡು ಸಿಹಿ, ಬಜ್ಜಿ, ಪಲಾವ್, ಅನ್ನ ಸಾಂಬಾರ್ ಎಂದು ಬರೆದುಕೊಂಡರು. ಸಿಹಿ ಒಂದು ಸಾಕು, ಜೋಳದ ರೊಟ್ಟಿ, ಹೆಸರುಕಾಳು ಪಲ್ಯ, ಶೇಂಗಾ ಚಟ್ನಿ ಸೇರಿಸಿ ಎಂದೆ. ಮೂರು ಸಾವಿರ ಜನಕ್ಕೆ ರೊಟ್ಟಿ ತಟ್ಟುವವರು ಯಾರು ಎಂಬ ಪ್ರಶ್ನೆ ಬಂತು. ಮನೆಗೆ ಹತ್ತರಂತೆ ಖಡಕ್ ರೊಟ್ಟಿ ಮಾಡಿ ಕೊಡಲು ಮುನ್ನೂರು ಮನೆಯವರು ಒಪ್ಪಬೇಕು. ಈ ಲೇಖನ ಅಚ್ಚಿಗೆ ಹೋಗುವ ಹೊತ್ತಿಗೆ ನೂರಾ ನಲವತ್ತು ಮನೆಯವರು ಹೆಸರು ಬರೆಸಿದ್ದಾರೆ.